ಒಕ್ಕಲುತನವೂ ಹೊಲದ ಜೀವವೈವಿಧ್ಯವೂ

ಜೀವಸಂಪತ್ತು ಎಂದೊಡನೆ ನಮ್ಮ ಮನಸ್ಸು ಬಂಡೀಪುರ, ನಾಗರಹೊಳೆಗಳ ಕಡೆಗೆ ಓಡುತ್ತದೆ. ಮೃಗಪಕ್ಷಿಗಳು ಕಾಡಿನ ಸೊತ್ತು, ಹೊಲವು ಮನುಷ್ಯನ ಸೊತ್ತು ಎಂದು ನಾವು ಪಾಲುಮಾಡಿಕೊಂಡುಬಿಟ್ಟಿದ್ದೇವೆ. ಆದರೆ ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ನೆಲದಲ್ಲಿ ರಾಷ್ಟ್ರೀಯ ಉದ್ಯಾನಗಳೂ ವನ್ಯಧಾಮಗಳೂ ಎಲ್ಲ ಸೇರಿ ನೂರಕ್ಕೆ ಸುಮಾರು ೫ ಭಾಗ. ಉತ್ತು ಬಿತ್ತುವ ನೆಲವಾದರೋ ನೂರಕ್ಕೆ ೪೦ಕ್ಕೂ ಹೆಚ್ಚು ಭಾಗ. ಆದುದರಿಂದ ಹುಳು, ಹಕ್ಕಿ, ಗಿಡಗಂಟೆಗಳಲ್ಲಿ ಬಹುಪಾಲು ಬದುಕಬೇಕಾದುದು ಒಕ್ಕಲಿಗನ ಹೊಲದಲ್ಲಿಯೇ, ಅಥವಾ ಅದರ ಬದುವಿನಲ್ಲಿಯೇ. ಆ ಒಕ್ಕಲಿಗನು ಯಾವ ಬೆಳೆಯನ್ನು ಇಡುತ್ತಾನೆ, ಹೇಗೆ ಉಳುತ್ತಾನೆ, ಯಾವ ಔಷಧವನ್ನು ಸಿಂಪಡಿಸುತ್ತಾನೆ ಎಂಬುದನ್ನು ಅವಲಂಬಿಸಿ ಅವುಗಳ ಅಳಿವು ಉಳಿವು ನಿರ್ಧಾರವಾಗುತ್ತದೆ.

ಇದನ್ನು ಪರಿಶೀಲಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನಲ್ಲಿ ಅನುಗೊಂಡನಹಳ್ಳಿ ಎಂಬ ಹೋಬಳಿಯುಂಟು. ನಂದಿಬೆಟ್ಟದ ಕಡೆಯಿಂದ ಇಳಿದುಬರುವ ದಕ್ಷಿಣ ಪಿನಾಕಿನಿಯ ಜಲಾನಯನಕ್ಕೆ ಸೇರಿದ ಪ್ರದೇಶವಿದು. ಕೆಂಪು ಮಣ್ಣು, ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರ್ ಮಳೆ, ಊರಿಗೊಂದು ಕೆರೆ. ಈ ಹೋಬಳಿಯ ದಾರಿಯಲ್ಲಿ ನಡೆದು ಹೊರಟರೆ ಒಂದು ಕಡೆ ರಾಗಿಯ ಹೊಲ, ಅದರ ಪಕ್ಕದಲ್ಲಿ ನೀಲಗಿರಿಯ ತೋಪು, ಅದರಾಚೆ ಕೊಳವೆ ಬಾವಿಯ ನೀರಿನಲ್ಲಿ ಬೆಳೆದ ತರಕಾರಿ, ಇನ್ನೂ ಮುಂದೆ ಗಡಿಕಲ್ಲು ನೆಟ್ಟ ಮನೆ ನಿವೇಶನಗಳು ಕಾಣಬರುತ್ತವೆ. ಭೌತಶಾಸ್ತ್ರದ ಪ್ರಯೋಗಗಳಲ್ಲಿ ನಾವು ಒಂದನ್ನು ಬಿಟ್ಟು ಉಳಿದೆಲ್ಲ ಅಂಶಗಳನ್ನೂ ಸ್ಥಿರವಾಗಿಟ್ಟು, ಆ ಒಂದನ್ನು ಬದಲಾಯಿಸಿ ಪರಿಣಾಮವನ್ನು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಮಣ್ಣು ಒಂದೇ, ಮಳೆ ಒಂದೇ, ಬಿಸಿಲು ಒಂದೇ. ಬೇರೆಯಾದುದು ನೆಲವನ್ನು ಬಳಸುವ ರೀತಿ ಮಾತ್ರ.

ವೈವಿಧ್ಯವನ್ನು ಅಳೆಯುವ ಬಗೆ

ಮೊದಲು ಜೀವವೈವಿಧ್ಯವೆಂದರೆ ಏನೆಂಬುದನ್ನು ಸ್ಪಷ್ಟಮಾಡಿಕೊಳ್ಳೋಣ. ಇದಕ್ಕೆ ಮೂರು ಅಂತಸ್ತುಗಳುಂಟು. ಒಂದೇ ಜಾತಿಯ ಒಳಗಿನ ತಳಿಗಳ ಭೇದ ಮೊದಲನೆಯದು. ರಾಗಿಯಲ್ಲಿಯೇ ಹಲವು ತಳಿಗಳಿರುವುದು ಇದಕ್ಕೆ ಉದಾಹರಣೆ. ಒಂದು ಸ್ಥಳದಲ್ಲಿರುವ ಬೇರೆ ಬೇರೆ ಜಾತಿಗಳ ಭೇದ ಎರಡನೆಯದು. ಹೊಲ, ಬದು, ಗುಂಡುತೋಪು, ಗೋಮಾಳ, ಕೆರೆ ಎಂಬ ವಾಸಸ್ಥಾನಗಳ ಭೇದ ಮೂರನೆಯದು.

ಜಾತಿಗಳನ್ನು ಎಣಿಸಿದ ಮಾತ್ರಕ್ಕೆ ವೈವಿಧ್ಯವನ್ನು ಅಳೆದಂತಾಗುವುದಿಲ್ಲ. ನಾಲ್ಕು ಜಾತಿಯ ಗಿಡಗಳಿರುವ ಮೂರು ಹೊಲಗಳನ್ನು ಊಹಿಸಿಕೊಳ್ಳೋಣ. ಮೊದಲನೆಯದರಲ್ಲಿ ನೂರು ಗಿಡಗಳ ಪೈಕಿ ೯೭ ಒಂದೇ ಜಾತಿಯವು, ಉಳಿದ ಮೂರು ಜಾತಿಗಳವು ಒಂದೊಂದೇ ಗಿಡ. ಎರಡನೆಯದರಲ್ಲಿ ಕ್ರಮವಾಗಿ ೭೦, ೧೫, ೧೦ ಮತ್ತು ೫. ಮೂರನೆಯದರಲ್ಲಿ ಪ್ರತಿಯೊಂದೂ ೨೫. ಮೂರರಲ್ಲಿಯೂ ಜಾತಿಗಳ ಸಂಖ್ಯೆ ನಾಲ್ಕೇ; ಆದರೆ ಮೂರೂ ಸಮಾನವೆಂದು ಯಾರೂ ಒಪ್ಪಲಾರರು.

ಈ ತೊಡಕನ್ನು ಬಿಡಿಸುವ ಸೂತ್ರವೊಂದು ಬಂದುದು ಸಸ್ಯಶಾಸ್ತ್ರದಿಂದಲ್ಲ, ತಂತಿ ಮತ್ತು ಟೆಲಿಫೋನುಗಳ ಶಾಸ್ತ್ರದಿಂದ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಕ್ಲಾಡ್ ಶಾನನ್ ೧೯೪೮ರಲ್ಲಿ ಒಂದು ಸಂದೇಶದಲ್ಲಿ ಎಷ್ಟು ಮಾಹಿತಿಯಿದೆ ಎಂಬುದನ್ನು ಅಳೆಯುವ ಸೂತ್ರವನ್ನು ಪ್ರಕಟಿಸಿದನು. ಕಣ್ಣು ಮುಚ್ಚಿ ಹೊಲದಿಂದ ಒಂದು ಗಿಡವನ್ನು ಕಿತ್ತರೆ ಅದು ಯಾವುದೆಂದು ಮೊದಲೇ ಹೇಳುವುದು ಎಷ್ಟು ಕಷ್ಟವೋ ಅಷ್ಟು ವೈವಿಧ್ಯ ಆ ಹೊಲದಲ್ಲಿದೆ ಎಂಬುದು ಅದರ ತಿರುಳು. ಪ್ರತಿ ಜಾತಿಯ ಪಾಲನ್ನು ಅದರದೇ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಬರುವ ಋಣಚಿಹ್ನೆಯನ್ನು ತೆಗೆದುಹಾಕಬೇಕು. ಆ ಸಂಖ್ಯೆಯ ಪ್ರತಿಲಾಗರಿದಮ್ಮು ಸಮಪಾಲಿನ ಎಷ್ಟು ಜಾತಿಗಳಿಗೆ ಈ ಹೊಲ ಸಮಾನ ಎಂಬುದನ್ನು ತಿಳಿಸುತ್ತದೆ. ಮೇಲಿನ ಮೂರು ಹೊಲಗಳಿಗೆ ಹೀಗೆ ಬರುವ ಉತ್ತರ ಕ್ರಮವಾಗಿ ಸುಮಾರು ೧.೨, ೨.೫ ಮತ್ತು ೪. ಮೊದಲನೆಯ ಹೊಲದಲ್ಲಿ ಹೆಸರಿಗೆ ನಾಲ್ಕು ಜಾತಿಗಳಿದ್ದರೂ ಅದು ಹೆಚ್ಚುಕಡಿಮೆ ಒಂಟಿ ಬೆಳೆಯೇ. ಕಾಲೇಜಿನ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಅಕ್ಕಡಿ ಸಾಲಿನ ರಹಸ್ಯ

ಹೊಸಕೋಟೆ ಸೀಮೆಯ ಹಳೆಯ ಪದ್ಧತಿಯೆಂದರೆ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು. ಕೂರಿಗೆಯಿಂದ ರಾಗಿಯನ್ನು ಬಿತ್ತುತ್ತ ಹೋದಂತೆ, ಕೆಲವು ಸಾಲುಗಳಿಗೊಮ್ಮೆ ಕೂರಿಗೆಯ ಹಿಂದೆ ಕಟ್ಟಿದ ಕೊಳವೆಯ ಮೂಲಕ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ ಇವುಗಳಲ್ಲಿ ಒಂದನ್ನೋ ಹಲವನ್ನೋ ಬಿಡುತ್ತಾರೆ. ಹೊಲದ ಅಂಚಿಗೆ ಹರಳಿನ ಗಿಡ ಬರುತ್ತದೆ. ಹೊರನೋಟಕ್ಕೆ ಇದು ಅಡಿಗೆಮನೆಯ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೆಂದು ತೋರುತ್ತದೆ. ವಾಸ್ತವವಾಗಿ ಇದರಲ್ಲಿ ಮೂರು ಕೆಲಸಗಳು ಏಕಕಾಲಕ್ಕೆ ನಡೆಯುತ್ತವೆ.

ಮೊದಲನೆಯದು ನೆಲದ ಕೆಳಗಿನ ಕೆಲಸ. ರಾಗಿಯ ಬೇರು ಕೂದಲಿನಂತೆ ಕವಲೊಡೆದು ಮೇಲ್ಮಣ್ಣಿನಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಒಂದೇ ಹೊಲದ ಎರಡು ಅಂತಸ್ತಿನ ತೇವವನ್ನು ಎರಡು ಬೆಳೆಗಳು ಹಂಚಿಕೊಳ್ಳುತ್ತವೆ. ಅವರೆ, ತೊಗರಿ, ಅಲಸಂದೆಗಳ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತವೆ. ಕೈಗಾರಿಕೆಯಲ್ಲಿ ಇದೇ ಕೆಲಸಕ್ಕೆ ಸುಮಾರು ೪೦೦ ಡಿಗ್ರಿಗೂ ಮೀರಿದ ಶಾಖವೂ ವಾಯುಭಾರದ ನೂರು ಪಟ್ಟಿಗೂ ಹೆಚ್ಚಿನ ಒತ್ತಡವೂ ಬೇಕು; ಬೇರಿನ ಗಂಟಿನಲ್ಲಿ ಅದು ಮಣ್ಣಿನ ಸಹಜ ಶಾಖದಲ್ಲಿಯೇ ನಡೆದುಹೋಗುತ್ತದೆ.

ಎರಡನೆಯದು ಹೂವಿನ ಕೆಲಸ. ರಾಗಿಯು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಕಟ್ಟುವ ಬೆಳೆ; ಅದಕ್ಕೆ ಜೇನಿನ ಹಂಗಿಲ್ಲ, ಜೇನಿಗೆ ಅದರಿಂದ ಮಕರಂದವೂ ಇಲ್ಲ. ಜೇನ್ನೊಣದ ದೃಷ್ಟಿಯಿಂದ ಬರಿಯ ರಾಗಿಯ ಹೊಲ ಹಸಿರು ಮರಳುಗಾಡು. ಹುಚ್ಚೆಳ್ಳಿನ ವಿಷಯ ಇದಕ್ಕೆ ತದ್ವಿರುದ್ಧವಾದುದು. ಒಂದು ಹುಚ್ಚೆಳ್ಳಿನ ಗಿಡ ತನ್ನ ಪರಾಗವನ್ನು ತಾನೇ ಸ್ವೀಕರಿಸುವುದಿಲ್ಲ; ಬೇರೆ ಗಿಡದ ಪರಾಗವನ್ನು ಕೀಟಗಳು ತಂದು ಮುಟ್ಟಿಸಿದರೆ ಮಾತ್ರ ಕಾಳು. ಸಾಸಿವೆ ಬೇಗನೆ ಹೂ ಬಿಡುತ್ತದೆ. ಹುಚ್ಚೆಳ್ಳು ಅದರ ಹಿಂದೆಯೇ ಹಳದಿಯನ್ನು ಚೆಲ್ಲುತ್ತದೆ. ಹಗಲು ಚಿಕ್ಕದಾದ ಮೇಲೆ, ರಾಗಿಯ ಕೊಯ್ಲಿನ ಸುಮಾರಿಗೆ, ನಾಟಿ ಅವರೆ ಸೊಗಡು ಬೀರುತ್ತ ಹೂವಾಗುತ್ತದೆ. ತೊಗರಿ ಇನ್ನೂ ಹೊಲದಲ್ಲಿ ನಿಂತಿರುತ್ತದೆ. ಹೀಗೆ ತಿಂಗಳುಗಟ್ಟಲೆ ಒಂದಲ್ಲ ಒಂದು ಹೂ ಇರುವುದರಿಂದ ತುಡುವೆ, ಕೋಲುಜೇನು, ಒಂಟಿಯಾಗಿ ಬದುಕುವ ಸಣ್ಣ ದುಂಬಿಗಳು ಎಲ್ಲವೂ ಅಲ್ಲಿ ನೆಲೆಯೂರುತ್ತವೆ.

ಮೂರನೆಯದು ಕಾವಲಿನ ಕೆಲಸ. ಬೆಳೆ ಬೇರೆ ಬೇರೆಯಾದರೆ ಒಂದೇ ಬೆಳೆಯನ್ನು ತಿನ್ನುವ ಹುಳುವಿಗೆ ತನ್ನ ಮುಂದಿನ ಊಟವನ್ನು ಹುಡುಕಿಕೊಳ್ಳುವುದು ಕಷ್ಟ. ಅಲ್ಲದೆ ರಾಗಿಗಿಂತ ಎತ್ತರವಾಗಿ ನಿಂತ ಜೋಳ, ಹರಳುಗಳು ಕಾಜಾಣಕ್ಕೆ ಕೂರುವ ಕವೆಗಳಾಗುತ್ತವೆ. ಕಾಜಾಣವು ಅಲ್ಲಿಂದಲೇ ಹಾರುವ ಹುಳುಗಳನ್ನು ಹಿಡಿಯುತ್ತದೆ. ಬದುವಿನ ಈಚಲುಮರದಲ್ಲಿ ಗೂಡು ನೇಯುವ ಗಿಜುಗವು ಕಾಳು ತಿನ್ನುವ ಹಕ್ಕಿಯೆಂದು ರೈತನಿಗೆ ಅದರ ಮೇಲೆ ಸಿಟ್ಟುಂಟು. ಆದರೆ ಅದು ತನ್ನ ಮರಿಗಳಿಗೆ ಗುಟುಕು ಕೊಡುವುದು ಬಹುಪಾಲು ಕೀಟಗಳನ್ನೇ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಕಳೆ ತೆಗೆಯುವ ಹೆಂಗಸರು ಹೊಲದಿಂದ ಹಿಂದಿರುಗುವಾಗ ಮಡಿಲಲ್ಲಿ ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ ಮೊದಲಾದ ಸೊಪ್ಪುಗಳನ್ನು ತರುತ್ತಾರೆ. ಬೆರಕೆ ಸೊಪ್ಪಿನ ಸಾರೆಂದು ನಾವು ಉಣ್ಣುವುದು ಇದನ್ನೇ. ಇವುಗಳನ್ನು ಯಾರೂ ಬಿತ್ತಿದವರಿಲ್ಲ. ಕಳೆನಾಶಕವನ್ನು ಹೊಡೆದ ಹೊಲದಲ್ಲಿ ಬೆರಕೆ ಸೊಪ್ಪು ಸಿಕ್ಕುವುದಿಲ್ಲ. ಆದಕಾರಣ ಸಾರಿನ ಪಾತ್ರೆಯೇ ಹೊಲದ ಜೀವವೈವಿಧ್ಯದ ಒಂದು ಅಳತೆಗೋಲೆಂದರೆ ಉತ್ಪ್ರೇಕ್ಷೆಯಲ್ಲ.

ತಳಿಗಳ ಲಾಭನಷ್ಟ

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ವಾಚಕರು ತಿಳಿಯಬಾರದು. ರಾಗಿಯ ಮೂಲಸ್ಥಾನ ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ರಾಗಿಯು ಇಲ್ಲಿನ ಮಣ್ಣಿಗೆ ಹೊಂದಿಕೊಂಡು ಬೇರೆಯದೇ ಆದ ತಳಿಗಳನ್ನು ಪಡೆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಸಿ.ಎಚ್. ಲಕ್ಷ್ಮಣಯ್ಯನವರು ಬಹುಕಾಲದ ಅಗಲಿಕೆಯ ಈ ಎರಡು ಬಳಗಗಳನ್ನು ಮತ್ತೆ ಕೂಡಿಸಿದರು. ಇಂಡಿಯ, ಆಫ್ರಿಕ ಎಂಬ ಹೆಸರುಗಳ ಮೊದಲಕ್ಷರಗಳಿಂದಲೇ ಇಂಡಾಫ್ ಎಂಬ ಹೆಸರು ಬಂದಿತು. ಇಳುವರಿ ಬಹುವಾಗಿ ಹೆಚ್ಚಿತು. ಎಷ್ಟೋ ಮನೆಗಳಲ್ಲಿ ಹೊಟ್ಟೆತುಂಬ ಮುದ್ದೆ ದೊರೆಯುವಂತಾಯಿತು. ಅನಂತರ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬೆಂಕಿ ರೋಗವನ್ನು ತಡೆಯುವ ಜಿ.ಪಿ.ಯು. ೨೮ ಎಂಬ ತಳಿ ಬಂದು ಬಹು ಜನಪ್ರಿಯವಾಯಿತು.

ಇದರಲ್ಲೊಂದು ವಿಪರ್ಯಾಸವಿದೆ. ಉತ್ತಮ ತಳಿಯು ಹುಟ್ಟುವುದು ವೈವಿಧ್ಯದಿಂದ. ಆದರೆ ಹುಟ್ಟಿದ ಮೇಲೆ ಅದು ತನ್ನ ಗುಣದ ಬಲದಿಂದಲೇ ಉಳಿದ ತಳಿಗಳನ್ನು ಹೊಲದಿಂದ ಹೊರಗೆ ಹಾಕುತ್ತದೆ. ಎಲ್ಲ ಹೊಲಗಳಲ್ಲಿಯೂ ಒಂದೇ ತಳಿಯಿದ್ದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಮುಸುಕಿನ ಜೋಳದ ಕಥೆಯೇ ಸಾಕ್ಷಿ. ಅಲ್ಲಿ ಬಿತ್ತನೆಯ ಹೆಚ್ಚಿನ ಪಾಲು ಒಂದೇ ವಂಶಗುಣವನ್ನು ಪಡೆದಿದ್ದಿತು. ೧೯೭೦ರಲ್ಲಿ ಆ ಗುಣಕ್ಕೇ ತಗಲುವ ಎಲೆಯ ಅಂಗಮಾರಿ ರೋಗವೊಂದು ಹರಡಿ, ಒಂದೇ ವರ್ಷದಲ್ಲಿ ದೇಶದ ಜೋಳದ ಬೆಳೆಯಲ್ಲಿ ನೂರಕ್ಕೆ ಸುಮಾರು ೧೫ ಭಾಗ ನಷ್ಟವಾಯಿತು. ಹಳೆಯ ರಾಗಿಯ ತಳಿಗಳನ್ನು ಜಿ.ಕೆ.ವಿ.ಕೆ. ಆವರಣದಲ್ಲಿ ಸಂಗ್ರಹಿಸಿ ಕಾಪಾಡುತ್ತಿರುವುದು ಈ ಕಾರಣಕ್ಕಾಗಿಯೇ. ಮುಂದೆ ಬರಲಿರುವ ರೋಗಕ್ಕೆ ಮದ್ದು ಯಾವ ತಳಿಯಲ್ಲಿ ಅಡಗಿದೆಯೋ ಯಾರು ಬಲ್ಲರು?

ನೀಲಗಿರಿಯ ತೋಪಿನ ಕೆಳಗೆ

ನೀಲಗಿರಿ ಮರವು ನಮ್ಮ ನಾಡಿಗೆ ಹೊಸತಲ್ಲ. ಟಿಪ್ಪುವಿನ ಕಾಲದಲ್ಲಿ, ೧೭೯೦ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಬಂದಿತೆಂದು ಹೇಳುತ್ತಾರೆ. ಆದರೆ ಅದು ರಾಗಿಯ ಹೊಲಗಳಿಗೆ ಇಳಿದುದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ, ಸಾಮಾಜಿಕ ಅರಣ್ಯ ಯೋಜನೆಯ ಜೊತೆಯಲ್ಲಿ. ರೈತನಿಗೆ ಅದು ಒಗ್ಗಿದ್ದಕ್ಕೆ ಕಾರಣಗಳಿದ್ದುವು. ಕೂಲಿಯಾಳು ಸಿಕ್ಕದ ಕಾಲದಲ್ಲಿ ಅದಕ್ಕೆ ಆಳು ಬೇಡ, ದನ ಮೇಯುವುದಿಲ್ಲ, ಮಳೆ ತಪ್ಪಿದರೂ ಸಾಯುವುದಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆ ತಪ್ಪಿದರೂ ಅದು ಏಕೆ ಸಾಯುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ದೊರೆತುದು ಹೊಸಕೋಟೆಯಲ್ಲಿಯೇ.

ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ಇಲಾಖೆಯವರು ಸೇರಿ ಹೊಸಕೋಟೆಯಲ್ಲಿಯೂ ಶಿವಮೊಗ್ಗದ ಸೀಮೆಯಲ್ಲಿಯೂ ಹಲವು ವರ್ಷ ಪ್ರಯೋಗಗಳನ್ನು ನಡೆಸಿದರು. ನೆಲದ ಆಳದಲ್ಲಿ ಎಷ್ಟು ನೀರಿದೆ ಎಂಬುದನ್ನು ಅಗೆಯದೆ ತಿಳಿಯುವುದು ಹೇಗೆ? ಅದಕ್ಕೆ ನ್ಯೂಟ್ರಾನ್ ಶೋಧಕವೆಂಬ ಸಾಧನವುಂಟು. ಗೋಲಿಯಾಟವನ್ನು ಬಲ್ಲವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಗೋಲಿಯೊಂದು ಗುಂಡುಕಲ್ಲಿಗೆ ಬಡಿದರೆ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ ತನ್ನ ವೇಗವನ್ನೆಲ್ಲ ಅದಕ್ಕೆ ಕೊಟ್ಟು ತಾನು ನಿಂತುಬಿಡುತ್ತದೆ. ನ್ಯೂಟ್ರಾನಿನ ತೂಕಕ್ಕೆ ಸರಿಸಮವಾದ ಬೀಜಕಣ ಜಲಜನಕದ್ದು. ನೆಲದಲ್ಲಿ ಇಳಿಸಿದ ಕೊಳವೆಯೊಳಗಿಂದ ವೇಗದ ನ್ಯೂಟ್ರಾನುಗಳನ್ನು ಹೊರಸೂಸಿದರೆ, ಮಣ್ಣಿನಲ್ಲಿ ಜಲಜನಕ ಎಷ್ಟು ಹೆಚ್ಚೋ ಅಷ್ಟು ಹೆಚ್ಚಿನ ನ್ಯೂಟ್ರಾನುಗಳು ವೇಗವನ್ನು ಕಳೆದುಕೊಂಡು ಹಿಂದಿರುಗುತ್ತವೆ. ಮಣ್ಣಿನ ಜಲಜನಕದ ಬಹುಪಾಲು ನೀರಿನಲ್ಲಿಯೇ ಇರುವುದರಿಂದ, ಹಿಂದಿರುಗಿದ ನಿಧಾನ ನ್ಯೂಟ್ರಾನುಗಳ ಎಣಿಕೆಯೇ ತೇವದ ಅಳತೆ. ಮರದೊಳಗೆ ಹರಿಯುವ ನೀರನ್ನು ಅಳೆಯಲು ಅವರು ಇನ್ನೊಂದು ಉಪಾಯವನ್ನು ಹೂಡಿದರು. ಕಾಂಡಕ್ಕೆ ಸ್ವಲ್ಪ ಭಾರಜಲವನ್ನು ಚುಚ್ಚಿ, ಎಲೆಗಳಿಂದ ಹೊರಬರುವ ಆವಿಯನ್ನು ಹಿಡಿದು, ಅದರಲ್ಲಿ ಭಾರಜಲಜನಕ ಎಷ್ಟು ತೆಳುವಾಗಿದೆ ಎಂದು ನೋಡಿ ಹರಿವನ್ನು ಲೆಕ್ಕ ಹಾಕಿದರು.

ಫಲಿತಾಂಶಗಳು ಹೀಗಿದ್ದುವು. ನೀಲಗಿರಿಯ ತೋಪು ವರ್ಷಕ್ಕೆ ಬಳಸುವ ನೀರು ರಾಗಿಯ ಬೆಳೆ ಬಳಸುವುದರ ಸುಮಾರು ಎರಡರಷ್ಟು. ಶಿವಮೊಗ್ಗದ ಕಡೆಯ ಸ್ಥಳಗಳಲ್ಲಿ ಅದು ಅಲ್ಲಿನ ಸಹಜ ಕಾಡಿಗಿಂತ ಹೆಚ್ಚೇನನ್ನೂ ಕುಡಿಯಲಿಲ್ಲ. ಹೊಸಕೋಟೆಯಲ್ಲಿ ಮಾತ್ರ ಮಳೆ ಕಡಿಮೆಯಾದ ಮೂರು ವರ್ಷಗಳ ಅವಧಿಯಲ್ಲಿ ತೋಪು ಬಳಸಿದ ನೀರು ಬಿದ್ದ ಮಳೆಗಿಂತ ಹೆಚ್ಚಾಗಿದ್ದಿತು! ಇಲ್ಲದ ನೀರು ಬಂದುದೆಲ್ಲಿಂದ? ಎಳೆಯ ನೀಲಗಿರಿಯ ಬೇರುಗಳು ಇಲ್ಲಿಯ ಆಳವಾದ ಮಣ್ಣಿನಲ್ಲಿ ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಕೆಳಗೆ ಇಳಿಯುತ್ತ, ಹಿಂದಿನ ವರ್ಷಗಳ ಮಳೆ ಅಲ್ಲಿ ಕೂಡಿಟ್ಟಿದ್ದ ತೇವವನ್ನು ಹೀರುತ್ತಿದ್ದುವು. ೧೯೯೭ರಲ್ಲಿ ಪ್ರಕಟವಾದ ಈ ವಿವರಣೆಯ ಅರ್ಥ ಸರಳವಾದುದು: ಬಡ್ಡಿ ಸಾಲದೆ ಮರವು ಅಸಲಿಗೆ ಕೈಹಾಕಿದ್ದಿತು.

ಇದರ ಪರಿಣಾಮ ಜೀವವೈವಿಧ್ಯದ ಮೇಲೆ ಹೇಗೆ? ಮೇಲ್ಮಣ್ಣು ಬೇಗ ಒಣಗುವುದರಿಂದಲೂ ಸುಗಂಧತೈಲ ತುಂಬಿದ ಎಲೆಗಳು ನಿಧಾನವಾಗಿ ಕೊಳೆಯುವುದರಿಂದಲೂ ಒತ್ತಾದ ತೋಪಿನ ಕೆಳಗೆ ಗಿಡಗಂಟೆ ವಿರಳ. ಗಿಡವಿಲ್ಲದಲ್ಲಿ ಹುಳುವಿಲ್ಲ, ಹುಳುವಿಲ್ಲದಲ್ಲಿ ಹಕ್ಕಿಯಿಲ್ಲ. ನೀಲಗಿರಿಯ ಹೂವಿನಲ್ಲಿ ಜೇನಿಗೆ ಸಮೃದ್ಧವಾದ ಮಕರಂದವಿದೆ ಎಂಬುದನ್ನೂ ಹೇಳಬೇಕು. ಆದರೆ ಹೂವಿನ ಕಾಲ ಮುಗಿದ ಮೇಲೆ ಮುಂದಿನ ಹೂವಿನವರೆಗೂ ಉಪವಾಸವೇ. ದೋಷವಿರುವುದು ಮರದ ಜಾತಿಯಲ್ಲಿ ಎನ್ನುವುದಕ್ಕಿಂತ, ಮೈಲುಗಟ್ಟಲೆ ಅದೊಂದನ್ನೇ ನೆಡುವ ಪದ್ಧತಿಯಲ್ಲಿ ಎನ್ನುವುದು ಸರಿ. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿಯನ್ನು ಬೆಳೆಸುವುದನ್ನು ನಿಷೇಧಿಸಿತು.

ತರಕಾರಿ, ಔಷಧ ಮತ್ತು ಗಣಿತ

ಕೊಳವೆ ಬಾವಿಯು ಬಂದ ಮೇಲೆ ಟೊಮ್ಯಾಟೊ, ಬದನೆ, ಹೀರೆ, ಹೂಕೋಸು ಮೊದಲಾದುವು ಈ ಹೋಬಳಿಯ ಬೆಳೆಗಳಾದುವು. ಪಕ್ಕದಲ್ಲಿಯೇ ಬೆಂಗಳೂರಿನ ಮಾರುಕಟ್ಟೆ ಇರುವಾಗ ಇದು ಸ್ವಾಭಾವಿಕ. ವರ್ಷವೆಲ್ಲ ಬೆಳೆಯಿದ್ದರೆ ವರ್ಷವೆಲ್ಲ ಕೀಟವೂ ಇರುತ್ತದೆ. ಅದರ ಹಿಂದೆ ಸಿಂಪಡಣೆ.

ಸಿಂಪಡಿಸಿದ ಕೆಲವು ದಿನಗಳಲ್ಲಿಯೇ ಹುಳು ಮೊದಲಿಗಿಂತ ಹೆಚ್ಚಾಯಿತೆಂದು ರೈತರು ಹೇಳುವುದುಂಟು. ಔಷಧದಲ್ಲಿ ಕಲಬೆರಕೆಯಿದ್ದರೆ ಹಾಗಾಗಬಹುದು ನಿಜ. ಆದರೆ ಶುದ್ಧವಾದ ಔಷಧದಿಂದಲೂ ಹಾಗಾಗಬಲ್ಲುದೆಂದು ಇಟಲಿಯ ಗಣಿತಜ್ಞ ವೀಟೊ ವೋಲ್ತೆರಾ ೧೯೨೬ರಲ್ಲಿಯೇ ತೋರಿಸಿದ್ದನು. ಆತನ ಮುಂದಿದ್ದುದು ಮೀನಿನ ಸಮಸ್ಯೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕುಗ್ಗಿದಾಗ, ಬಲೆಗೆ ಬೀಳುವ ಮೀನುಗಳಲ್ಲಿ ಇತರ ಮೀನುಗಳನ್ನು ತಿನ್ನುವ ಶಾರ್ಕ್ ಮೊದಲಾದುವುಗಳ ಪಾಲು ಹೆಚ್ಚಾಗಿದ್ದುದನ್ನು ಡಂಕೋನ ಎಂಬ ಜೀವಶಾಸ್ತ್ರಜ್ಞ ಗಮನಿಸಿದ್ದನು. ಇದಕ್ಕೆ ಕಾರಣವನ್ನು ವೋಲ್ತೆರಾ ಸಮೀಕರಣಗಳಿಂದ ಕಂಡುಹಿಡಿದನು. ತಿನ್ನುವ ಪ್ರಾಣಿಯನ್ನೂ ಅದರ ಆಹಾರವಾದ ಪ್ರಾಣಿಯನ್ನೂ ಒಂದೇ ಪ್ರಮಾಣದಲ್ಲಿ ಹೊರಗಿನಿಂದ ಕೊಲ್ಲುತ್ತ ಹೋದರೆ, ಸರಾಸರಿಯಲ್ಲಿ ತಿನ್ನುವುದು ಕಡಿಮೆಯಾಗುತ್ತದೆ, ಆಹಾರವಾದುದು ಹೆಚ್ಚುತ್ತದೆ. ಬಲೆಯ ಸ್ಥಾನದಲ್ಲಿ ಕೀಟನಾಶಕವನ್ನೂ, ಶಾರ್ಕಿನ ಸ್ಥಾನದಲ್ಲಿ ಗುಲಗಂಜಿ ಹುಳುವನ್ನೂ, ಸಣ್ಣ ಮೀನಿನ ಸ್ಥಾನದಲ್ಲಿ ಸಸ್ಯಹೇನನ್ನೂ ಇಟ್ಟು ನೋಡಿದರೆ ರೈತನ ದೂರು ಅರ್ಥವಾಗುತ್ತದೆ. ಗುಲಗಂಜಿ ಹುಳುವಿಗೆ ಎರಡು ಪೆಟ್ಟು: ಒಂದು ವಿಷದ್ದು, ಇನ್ನೊಂದು ಹಸಿವಿನದು. ಹೇನಿಗಾದರೋ ಪೆಟ್ಟು ಒಂದೇ. ಮೇಲೆ ಶತ್ರುವಿನ ನಾಶದ ಲಾಭ.

ಮಿತ್ರಕೀಟದ ಬಲವನ್ನು ನಮ್ಮ ಭಾಗದ ರೈತರು ಕಣ್ಣಾರೆ ಕಂಡಿದ್ದಾರೆ. ಪರದೇಶದಿಂದ ಬಂದ ಪಪ್ಪಾಯಿಯ ಹಿಟ್ಟುತಿಗಣೆಯು ೨೦೦೮ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ ಮೊದಲಾದ ಬೆಳೆಗಳನ್ನು ಹಾಳುಮಾಡುತ್ತ ಕರ್ನಾಟಕಕ್ಕೂ ಹರಡಿತು. ಔಷಧ ಹೊಡೆದರೂ ಅದು ತಗ್ಗಲಿಲ್ಲ. ೨೦೧೦ರಲ್ಲಿ ಬೆಂಗಳೂರಿನ ಕೇಂದ್ರ ಕೃಷಿ ಕೀಟ ಸಂಸ್ಥೆಯವರು ಪೋರ್ಟೊ ರಿಕೊ ದ್ವೀಪದಿಂದ ಸಾಸಿವೆ ಕಾಳಿಗಿಂತ ಸಣ್ಣದಾದ ಕಣಜಗಳನ್ನು ತರಿಸಿ, ಸಾಕಿ, ಹೊಲಗಳಲ್ಲಿ ಬಿಟ್ಟರು. ಅವು ತಿಗಣೆಯ ದೇಹದಲ್ಲಿಯೇ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತಂದುವು. ಆ ಕಣಜಕ್ಕೂ ಕೀಟನಾಶಕ ಕೀಟನಾಶಕವೇ ಎಂಬುದನ್ನು ಮರೆಯಕೂಡದು.

ಹೂವಿನ ವಿಷಯವೂ ಹೀಗೆಯೇ. ಹೀರೆ, ಸೋರೆ, ಹಾಗಲಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ; ಕೀಟ ಬಾರದಿದ್ದರೆ ಕಾಯಿಲ್ಲ. ಟೊಮ್ಯಾಟೊ, ಬದನೆಗಳ ಪರಾಗಕೋಶವು ತುದಿಯಲ್ಲಿ ಸಣ್ಣ ಬಾಯಿರುವ ಡಬ್ಬಿಯಂತಿರುತ್ತದೆ. ಜೇನ್ನೊಣಕ್ಕೆ ಅದನ್ನು ಬರಿದುಮಾಡುವ ವಿದ್ಯೆ ಗೊತ್ತಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಒಂಟಿದುಂಬಿಯೂ ಮರ ಕೊರೆಯುವ ಕರಿಯ ಭ್ರಮರವೂ ಹೂವನ್ನು ಅಪ್ಪಿಹಿಡಿದು, ರೆಕ್ಕೆಯಾಡಿಸದೆ ಹಾರಾಟದ ಸ್ನಾಯುಗಳನ್ನು ಮಾತ್ರ ಸೆಕೆಂಡಿಗೆ ನೂರಾರು ಸಲ ಕಂಪಿಸುತ್ತವೆ. ಆ ಕಂಪನಕ್ಕೆ ಪರಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರಿದಂತೆ ಉದುರುತ್ತದೆ. ಟೊಮ್ಯಾಟೊ ಗಾಳಿಯ ಅಲುಗಾಟದಿಂದಲೂ ಕಾಯಿಕಟ್ಟುವುದು ನಿಜ. ಆದರೆ ದುಂಬಿ ಬಂದಲ್ಲಿ ಹಣ್ಣು ಹೆಚ್ಚು, ಗಾತ್ರವೂ ಹೆಚ್ಚು. ನೀಲಿಪಟ್ಟೆಯ ದುಂಬಿ ಗೂಡು ಮಾಡುವುದು ಉಳದ ಮಣ್ಣಿನಲ್ಲಿ, ಮಣ್ಣಿನ ಗೋಡೆಯಲ್ಲಿ. ಭ್ರಮರದ ಮನೆ ಒಣಗಿದ ಮರದಲ್ಲಿ, ಬಿದಿರಿನಲ್ಲಿ. ಬದುವನ್ನು ಅರ್ಧ ಅಡಿಗೆ ಇಳಿಸಿ ಎರಡು ಸಾಲು ಹೆಚ್ಚು ಬೆಳೆಯುವ ರೈತನು ಎರಡು ಸಾಲನ್ನು ಗಳಿಸಿ ದುಂಬಿಯನ್ನು ಕಳೆದುಕೊಳ್ಳುತ್ತಾನೆ.

ಊರಿನ ಅಂಚಿನಲ್ಲಿ

ಬೆಂಗಳೂರಿನ ಸುತ್ತ ಪೇಟೆಯಿಂದ ಹಳ್ಳಿಯವರೆಗೆ ಹಂತಹಂತವಾಗಿ ಹರಡಿರುವ ೩೬ ತರಕಾರಿ ತೋಟಗಳನ್ನು ಆರಿಸಿಕೊಂಡು, ಮೂರು ಋತುಗಳಲ್ಲಿ ಅಲ್ಲಿನ ಹಕ್ಕಿಗಳನ್ನು ಎಣಿಸಿದ ಅಧ್ಯಯನವೊಂದು ೨೦೨೧ರಲ್ಲಿ ಪ್ರಕಟವಾಯಿತು. ಸುತ್ತ ಕಟ್ಟಡ ಮತ್ತು ರಸ್ತೆಗಳ ಪಾಲು ಹೆಚ್ಚಿದಂತೆಲ್ಲ ಎಲ್ಲ ತೋಟಗಳ ಹಕ್ಕಿಗಳೂ ಒಂದೇ ಬಗೆಯವಾಗುತ್ತ ಹೋದುವೆಂದು ಅದು ತಿಳಿಸಿತು. ಜಾತಿಗಳ ನಷ್ಟಕ್ಕಿಂತ ಅವು ಮಾಡುತ್ತಿದ್ದ ಕೆಲಸಗಳ ನಷ್ಟ ಇನ್ನೂ ಹೆಚ್ಚು ಎಂಬುದು ಅದರ ಮುಖ್ಯಾಂಶ. ಹತ್ತು ಜನರಿರುವ ಒಂದು ಹಳ್ಳಿಯಿಂದ ಇಬ್ಬರು ಹೊರಟುಹೋದರು, ಆ ಇಬ್ಬರಲ್ಲ‍ಿ ಒಬ್ಬನು ಕಮ್ಮಾರ, ಇನ್ನೊಬ್ಬಳು ಸೂಲಗಿತ್ತಿ ಎಂದರೆ ನಷ್ಟವು ಹತ್ತರಲ್ಲಿ ಎರಡು ಮಾತ್ರವಲ್ಲವಷ್ಟೆ!

ಭೌತಶಾಸ್ತ್ರದಲ್ಲಿ ಪರಿವರ್ತನೀಯ ಕ್ರಿಯೆಗಳು, ಅಪರಿವರ್ತನೀಯ ಕ್ರಿಯೆಗಳು ಎಂಬ ಭೇದವುಂಟು. ಮಂಜುಗಡ್ಡೆ ನೀರಾಗುವುದು, ನೀರು ಮತ್ತೆ ಮಂಜುಗಡ್ಡೆಯಾಗುವುದು ಮೊದಲನೆಯ ಬಗೆ. ಸೌದೆ ಉರಿದು ಬೂದಿಯಾಗುವುದು ಎರಡನೆಯ ಬಗೆ. ಇದುವರೆಗೆ ನೋಡಿದ ಪದ್ಧತಿಗಳಲ್ಲಿ ಹೆಚ್ಚಿನವುಗಳಿಂದ, ಖರ್ಚೂ ಕಾಲವೂ ಹಿಡಿದರೂ, ಹಿಂದಿರುಗಲು ಸಾಧ್ಯ. ನೀಲಗಿರಿಯ ಬುಡಗಳನ್ನು ಯಂತ್ರದಿಂದ ಕೀಳಿಸಿ ಮತ್ತೆ ರಾಗಿಯನ್ನು ಬಿತ್ತಬಹುದು. ಸಿಂಪಡಣೆ ನಿಂತರೆ, ಹತ್ತಿರದಲ್ಲಿ ಎಲ್ಲಿಯಾದರೂ ಮೂಲಸಂತತಿ ಉಳಿದಿದ್ದರೆ, ಗುಲಗಂಜಿ ಹುಳುವೂ ದುಂಬಿಯೂ ಹಿಂದಿರುಗುತ್ತವೆ. ಆದರೆ ನಾಡಿನಿಂದಲೇ ಅಳಿದ ತಳಿ ಹಿಂದಿರುಗುವುದಿಲ್ಲ. ಕಾಂಕ್ರೀಟಿನ ಕೆಳಗೆ ಹೋದ ಹೊಲವೂ ಹಿಂದಿರುಗುವುದಿಲ್ಲ. ಅನುಗೊಂಡನಹಳ್ಳಿಯಂಥ ಹೋಬಳಿಯಲ್ಲಿ ಇಂದು ನಡೆಯುತ್ತಿರುವ ಬದಲಾವಣೆ ಮೊದಲನೆಯ ಬಗೆಯಿಂದ ಎರಡನೆಯ ಬಗೆಗೆ ಹೊರಳುತ್ತಿದೆ. ಮೂಲಸಂತತಿ ಉಳಿಯಬೇಕಾದ ಬದು, ಗುಂಡುತೋಪು, ಕೆರೆಯಂಗಳಗಳೇ ಮೊದಲು ಮಾಯವಾಗುತ್ತಿರುವುದರಿಂದ ಹಿಂದಿರುಗುವ ದಾರಿಯೂ ಕಿರಿದಾಗುತ್ತಿದೆ.

ಏನು ಮಾಡಬಹುದು?

ಎಲ್ಲರೂ ಹಳೆಯ ಪದ್ಧತಿಗೆ ಮರಳಬೇಕೆಂದು ಹೇಳುವುದು ಸುಲಭ. ಅದರ ಬೆಲೆಯನ್ನು ತೆರಬೇಕಾದವನು ರೈತ. ಅಕ್ಕಡಿ ಸಾಲಿನ ಹೊಲದಲ್ಲಿ ಒಂದೊಂದು ಬೆಳೆಯನ್ನೂ ಬೇರೆ ಬೇರೆ ಕಾಲದಲ್ಲಿ ಕೈಯಿಂದ ಕೊಯ್ಯಬೇಕು. ಕೊಯ್ಲಿನ ಯಂತ್ರಕ್ಕೆ ಅದು ಒಗ್ಗದು. ಇದಕ್ಕೆ ಪ್ರತಿಯಾಗಿ ಬರುವ ಲಾಭವನ್ನೂ ಲೆಕ್ಕ ಹಾಕಬೇಕು. ಒಂದು ಎಕರೆಯ ಮಿಶ್ರ ಬೆಳೆಯಲ್ಲಿ ಶುದ್ಧ ರಾಗಿಯ ಹೊಲದ ಹತ್ತರಲ್ಲಿ ಎಂಟು ಭಾಗ ರಾಗಿಯೂ, ಶುದ್ಧ ಅವರೆಯ ಹೊಲದ ಹತ್ತರಲ್ಲಿ ನಾಲ್ಕು ಭಾಗ ಅವರೆಯೂ ಬಂದಿತೆಂದು ಭಾವಿಸೋಣ. ಆಗ ಆ ಒಂದು ಎಕರೆ ೧.೨ ಎಕರೆಯ ಕೆಲಸವನ್ನು ಮಾಡಿದಂತಾಯಿತು. ಈ ಅನುಪಾತ ಒಂದನ್ನು ಮೀರಿದರೆ ಮಿಶ್ರ ಬೆಳೆ ನೆಲವನ್ನು ಉಳಿಸಿತೆಂದೂ, ಮೀರದಿದ್ದರೆ ಇಲ್ಲವೆಂದೂ ತಿಳಿಯಬೇಕು.

ಇಳುವರಿಯನ್ನು ಕಳೆದುಕೊಳ್ಳದೆ ಮಾಡಬಹುದಾದ ಕೆಲಸಗಳೂ ಹಲವಿವೆ. ಬದುವನ್ನು ಎರಡು ಅಡಿಯಾದರೂ ಅಗಲವಾಗಿ ಬಿಟ್ಟು, ಅಲ್ಲಿನ ತುಂಬೆ, ಗರಿಕೆಗಳಿಗೆ ಕಳೆನಾಶಕವನ್ನು ಹೊಡೆಯದಿರುವುದು. ಹುಳುವನ್ನು ಕಂಡ ಮೇಲೆಯೇ, ಅದೂ ದುಂಬಿಗಳು ಹೂವಿಗೆ ಬರುವ ಬೆಳಗಿನ ಹೊತ್ತನ್ನು ಬಿಟ್ಟು, ಸಿಂಪಡಿಸುವುದು. ನೀಲಗಿರಿಯನ್ನು ತೆಗೆಸಿದ ನೆಲದ ಅಂಚಿಗೆ ಹೊಂಗೆ, ಬೇವು, ನೇರಳೆ, ಹುಣಸೆಗಳನ್ನು ಹಾಕುವುದು. ತಿಪ್ಪೆಗೊಬ್ಬರವನ್ನು ಬಿಡದೆ ಎರೆಹುಳುವಿಗೆ ಆಹಾರವನ್ನು ಒದಗಿಸುವುದು. ಗುಂಡುತೋಪನ್ನು ಒತ್ತುವರಿಯಿಂದ ಕಾಯುವುದು. ಕೊನೆಯದು ಒಬ್ಬ ರೈತನ ಕೆಲಸವಲ್ಲ, ಊರಿನ ಕೆಲಸ. ಗ್ರಾಮ ಪಂಚಾಯಿತಿಯ ಕೆಲಸ. ನಾಟಿ ಅವರೆಗೂ ರಾಗಿಗೂ ತಕ್ಕ ಬೆಲೆಯನ್ನು ಕೊಡುವುದು ಪೇಟೆಯಲ್ಲಿರುವ ನಮ್ಮೆಲ್ಲರ ಕೆಲಸ.

ವಿದ್ಯಾರ್ಥಿಗಳು ಮಾಡಬಹುದಾದುದು ಇನ್ನೊಂದಿದೆ. ನಾಲ್ಕು ಮೀಟರ್ ಉದ್ದದ ದಾರವನ್ನು ತೆಗೆದುಕೊಂಡು ಅದರಿಂದ ಒಂದು ಮೀಟರ್ ಬದಿಯ ಚೌಕವನ್ನು ಮಾಡಿರಿ. ಮಾಲೀಕರ ಅಪ್ಪಣೆ ಪಡೆದು ಅದನ್ನು ರಾಗಿಯ ಹೊಲದ ಬದುವಿನ ಮೇಲೊಮ್ಮೆ, ನೀಲಗಿರಿಯ ತೋಪಿನ ಕೆಳಗೊಮ್ಮೆ, ತರಕಾರಿಯ ಮಡಿಯಲ್ಲೊಮ್ಮೆ ಹಾಸಿರಿ. ಪ್ರತಿಯೊಂದರಲ್ಲಿಯೂ ಯಾವ ಗಿಡ ಎಷ್ಟಿದೆ ಎಂದು ಎಣಿಸಿರಿ. ಹೆಸರು ತಿಳಿಯದ ಗಿಡಕ್ಕೆ ಒಂದು ಗುರುತನ್ನು ಕೊಟ್ಟರೆ ಸಾಕು. ಹೆಸರನ್ನು ಮನೆಯ ಅಜ್ಜಿಯನ್ನು ಕೇಳಿ ಬರೆದುಕೊಳ್ಳಬಹುದು. ಒಂದೇ ಚೌಕದಿಂದ ತೃಪ್ತರಾಗದೆ ಒಂದೊಂದು ಕಡೆಯೂ ಹತ್ತು ಚೌಕಗಳನ್ನಾದರೂ ಎಣಿಸಿ, ಮೇಲೆ ಹೇಳಿದ ಶಾನನ್ನನ ಸೂತ್ರದಿಂದ ಲೆಕ್ಕ ಮಾಡಿರಿ. ಮುಂದಿನ ವರ್ಷ ಅದೇ ತಿಂಗಳಿನಲ್ಲಿ, ಅದೇ ಸ್ಥಳದಲ್ಲಿ ಮತ್ತೆ ಎಣಿಸಿರಿ. ನಿಮ್ಮ ಊರಿನ ಹೊಲದಲ್ಲಿ ಏನಾಗುತ್ತಿದೆ ಎಂಬುದು ಆ ಎರಡು ಸಂಖ್ಯೆಗಳ ಅಂತರದಿಂದ ತಿಳಿಯತೊಡಗುತ್ತದೆ.